ಕಂಡಿತಾ, ಅನ್ನಿಸಿತಾ?

ಮಂಗಳವಾರ ರಾತ್ರಿ ಪಾಳಿಯಲ್ಲಿ ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಕೇಳಿದ್ದು ನನ್ನನ್ನಲ್ಲ, ಪಕ್ಕದಲ್ಲಿದ್ದ ಟೆಕ್ನಿಷಿಯನ್‌ನನ್ನು. ಕೇಳಿದವರು ನಮ್ಮ ಕ್ವಾಲಿಟಿ ಇನ್‌ಸ್ಪೆಕ್ಟರ್. ಅರವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ, ನಗು ಇನ್ನೂ ಕಡಿಮೆ.

"ನಿನಗೆ ಕಂಡಿತಾ, ಇಲ್ಲ ಹಾಗನ್ನಿಸಿತಾ?"

ನಾವಿದ್ದದ್ದು ಅಮೆರಿಕದ ಒಂದು ಅಣು ವಿದ್ಯುತ್ ಸ್ಥಾವರದಲ್ಲಿ, ರಿಯಾಕ್ಟರ್ ಮೇಲಿನ ಸೇತುವೆಯಂಥ ಅಟ್ಟದಲ್ಲಿ. ಇಂಧನ ಬದಲಿಸಲು ಸ್ಥಾವರ ನಿಲ್ಲಿಸಿದಾಗಲೇ ನಮ್ಮಂಥವರ ಕೆಲಸ. ಕಾಲ ಕೆಳಗೆ ನೀರು. ಎಷ್ಟು ತಿಳಿ ಅಂದರೆ ಆಳವೇ ಗೊತ್ತಾಗುವುದಿಲ್ಲ. ನಮ್ಮ ಟೂಲ್ ಇದ್ದದ್ದು ಸುಮಾರು 20 ಮೀಟರ್ ಕೆಳಗೆ, ಉದ್ದ ಕಂಬದ ತುದಿಯಲ್ಲಿ. ಪಕ್ಕದಲ್ಲೊಂದು ಕ್ಯಾಮೆರಾ. ವಿಕಿರಣವನ್ನು ತಡೆಯುವುದೂ ಆ ನೀರೇ, ನಮ್ಮನ್ನು ಕೆಲಸದಿಂದ ದೂರ ಇಡುವುದೂ ಆ ನೀರೇ. ಅಟ್ಟ ಹತ್ತುವ ಮುಂಚೆ ಜೇಬು ಖಾಲಿ ಮಾಡಬೇಕು, ಕನ್ನಡಕಕ್ಕೆ ದಾರ ಕಟ್ಟಬೇಕು. ಪಾರದರ್ಶಕ ಪ್ಲಾಸ್ಟಿಕ್ ಅಂತೂ ಒಂದು ಚೂರೂ ತರುವಂತಿಲ್ಲ. ನೀರಿಗೆ ಬಿದ್ದರೆ ಕಾಣುವುದೇ ಇಲ್ಲವಲ್ಲ.

ಕೆಲಸ ಏನೆಂದರೆ, ಒಂದು ತೂತಿನ ಒಳಮೈ ನಯ ಮಾಡುವುದು. ಅಷ್ಟೇ. ಊರಿಗೆ ಫೋನ್ ಮಾಡಿದಾಗ ಅಮ್ಮ "ಉಜ್ಜೋದಕ್ಕೆ ಅಷ್ಟು ದೂರ ಹೋಗಬೇಕಾ?" ಅಂದರು. ಹೌದು, ಹೋಗಬೇಕು.

ಇಂಧನದ ಸುತ್ತ ಶ್ರೌಡ್ ಅನ್ನುವ ದೊಡ್ಡ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇರುತ್ತದೆ. ನೀರು ಒಳಗೇ ಕುದಿಯುವ ಜಾತಿಯ ರಿಯಾಕ್ಟರ್‌ಗಳಲ್ಲಿ, ಅಂದರೆ ನಮ್ಮ ತಾರಾಪುರದಲ್ಲಿ 1969ರಿಂದ ಇರುವಂಥವುಗಳಲ್ಲಿ, ಈ ಶ್ರೌಡ್‌ನ ವೆಲ್ಡ್ ಪಕ್ಕ ಬಿರುಕು ಬಿಡುವುದು ಹಳೇ ಕಾಯಿಲೆ. (ಕೈಗಾದ್ದು ಬೇರೆ ಜಾತಿ, ಅಲ್ಲಿ ಶ್ರೌಡ್ ಇಲ್ಲ.) 1994ರಲ್ಲಿ ಅಮೆರಿಕದ ನಿಯಂತ್ರಣ ಆಯೋಗ ಇಂಥ ಸ್ಥಾವರಗಳಿಗೆಲ್ಲ ಪತ್ರ ಬರೆದು ಶ್ರೌಡ್ ಪರೀಕ್ಷೆ ಮಾಡಿ ಅಂದಿತು. ಬಿರುಕು ಬಿಟ್ಟ ಕಡೆ ಮೇಲಿನಿಂದ ಕೆಳಗೆ ಉದ್ದ ಸರಳು ಹಾಕಿ ಬಿಗಿಯುವುದು ಒಂದು ಉಪಾಯ. ಸರಳು ಹಾಕಲು ತೂತು ಬೇಕು.

ಅಷ್ಟು ಉದ್ದದ ಕಂಬದ ತುದಿಗೆ ಡ್ರಿಲ್ ಕಟ್ಟಿ ಒತ್ತಿದರೆ ಕಂಬವೇ ಬಳುಕುತ್ತದೆ. ಹಾಗಾಗಿ ಸ್ಪಾರ್ಕ್‌ನಿಂದ ಕೊರೆಯುತ್ತಾರೆ. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಇಡಿಎಂ ಅಂದರೆ ಸಾಕು. ಒತ್ತುವ ಹಾಗಿಲ್ಲ, ಕಿಡಿ ಹಾರಿ ಹಾರಿ ಲೋಹ ತಾನೇ ಸವೆಯುತ್ತದೆ. ಆದರೆ ಕಿಡಿಗೆ ಕರಗಿದ್ದೆಲ್ಲ ಹೊರಗೆ ಹೋಗುವುದಿಲ್ಲ. ಸ್ವಲ್ಪ ಅಲ್ಲೇ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಕೂದಲೆಳೆಗಿಂತ ತೆಳುವಾದ ಪದರ. ಅದರಲ್ಲಿ ಸಣ್ಣ ಸಣ್ಣ ಸೀಳು, ಒಳಗೊಳಗೇ ಎಳೆತ. ರಿಯಾಕ್ಟರ್ ಮತ್ತೆ ಶುರುವಾದ ಮೇಲೆ ಸುತ್ತಲೂ 288 ಡಿಗ್ರಿ ಬಿಸಿನೀರು. ಆ ಸೀಳು ಅಲ್ಲಿಂದ ಬೆಳೆಯಬಹುದು. ಬಿರುಕಿಗೆ ಮದ್ದು ಮಾಡಲು ಹೋಗಿ ಹೊಸ ಬಿರುಕಿಗೆ ಬೀಜ ಹಾಕಿ ಬಂದರೆ ಹೇಗೆ? ಅದಕ್ಕೇ ಹೋನಿಂಗ್. ಸಾಣೆ ಕಲ್ಲುಗಳು ತೂತಿನೊಳಗೆ ಅರಳಿ, ತಿರುಗುತ್ತಾ ಮೇಲೆ ಕೆಳಗೆ ಓಡಾಡಿ ಆ ಪದರ ತೆಗೆಯುತ್ತವೆ.

ಪದರ ಹೋಯಿತು ಅಂತ ತಿಳಿಯುವುದು ಹೇಗೆ? ಪೀಣ್ಯದಲ್ಲಿ ನನ್ನ ಮೊದಲ ಮೇಸ್ತ್ರಿ ಮೀಟರ್ ಮುಟ್ಟುವ ಮುಂಚೆ ಉಗುರು ಎಳೆದು ನೋಡುತ್ತಿದ್ದರು. ಉಗುರಿಗೆ ಏನಾದರೂ ಸಿಕ್ಕರೆ ಜಾಬ್ ವಾಪಸ್. ಇಲ್ಲಿ ಉಗುರು ಎಲ್ಲಿಂದ ತರೋಣ? ಕ್ಯಾಮೆರಾಗೆ ಹೊಳಪು ಕಾಣುತ್ತದೆ, ಪದರ ಕಾಣುವುದಿಲ್ಲ. ಹಾಗಾಗಿ ಎಲ್ಲ ಮೊದಲೇ ವರ್ಕ್‌ಶಾಪ್‌ನಲ್ಲಿ ಆಗಿರುತ್ತದೆ. ಅದೇ ಜಾತಿಯ ಉಕ್ಕು, ಅದೇ ಅಳತೆಯ ತೂತು, ಅದೇ ಟೂಲ್, ನೀರಿನ ತೊಟ್ಟಿಯಲ್ಲಿ. ಆಮೇಲೆ ಆ ತುಂಡನ್ನು ಕತ್ತರಿಸಿ ಮೈಕ್ರೋಸ್ಕೋಪ್ ಕೆಳಗೆ ಇಡುವುದು. ಎಷ್ಟು ಸಲ ಕಲ್ಲು ಓಡಾಡಿದರೆ ಪದರ ಪೂರ್ತಿ ಹೋಗುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ. ಅದರ ಮೇಲೆ ಸ್ವಲ್ಪ ಜಾಸ್ತಿ ಸೇರಿಸಿ ಒಂದು ಸಂಖ್ಯೆ ಬರೆಯುತ್ತಾರೆ. ನೀರಿನ ಮೇಲೆ ನಿಂತ ನಮಗೆ ಇರುವ ಸಾಕ್ಷಿ ಆ ಸಂಖ್ಯೆ ಒಂದೇ. ಎಣಿಸಬೇಕು.

ಮಂಗಳವಾರ ಎಣಿಸುತ್ತಿದ್ದಾಗ ಪುಡಿ ಎಳೆದುಕೊಳ್ಳುವ ಪೈಪ್ ಕಟ್ಟಿಕೊಂಡಿತು. ಪರದೆ ಮಬ್ಬಾಯಿತು. ಟೂಲ್ ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ನೀರು ತಿಳಿಯಾದಾಗ ಟೆಕ್ನಿಷಿಯನ್ ಸಂಖ್ಯೆ ಹೇಳಿದ. ಮಬ್ಬಿನಲ್ಲಿ ಓಡಿದ್ದನ್ನೂ ಸೇರಿಸಿ. ಅವನ ಕೈ ಕಂಬದ ಮೇಲೇ ಇತ್ತು, ಅದುರುವುದು ಗೊತ್ತಾಗುತ್ತಿತ್ತು. ಸುಳ್ಳು ಹೇಳುವವನಲ್ಲ. ನನಗೆ ಗೊತ್ತಿರುವವರಲ್ಲಿ ಅವನಷ್ಟು ಒಳ್ಳೇ ಕೈ ಇನ್ನೊಬ್ಬರದಿಲ್ಲ.

ಆಗಲೇ ಆಕೆ ಕೇಳಿದ್ದು. ಕಂಡಿತಾ, ಅನ್ನಿಸಿತಾ?

ಅವನು ಒಂದು ಕ್ಷಣ ಪರದೆ ನೋಡಿದ. "ಅನ್ನಿಸಿತು" ಅಂದ. ಆಕೆ ಪೆನ್ ಮುಚ್ಚಿದರು. ಮಬ್ಬಾದ ಜಾಗದಿಂದ ಮತ್ತೆ ಮೊದಲು.

ಶಿಫ್ಟ್ ಮ್ಯಾನೇಜರ್ ಮುಖ ನೋಡಬೇಕಿತ್ತು. ಸ್ಥಾವರ ನಿಂತ ಒಂದೊಂದು ದಿನಕ್ಕೂ ಹತ್ತು ಲಕ್ಷ ಡಾಲರ್ ನಷ್ಟ ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅವನು ಕೆಟ್ಟವನೇನಲ್ಲ. ಮನೆಯಿಂದ ಕುಕೀಸ್ ತಂದು ಹಂಚುವ ಪೈಕಿ. ಆದರೂ "ಅನುಭವ ಇರುವವರ ಮಾತಿಗೆ ಬೆಲೆನೇ ಇಲ್ವಾ?" ಅಂತ ಅವನು ಗೊಣಗಿದ್ದು ನನಗೆ ಹಿಡಿಸಲಿಲ್ಲ. ಬೆಲೆ ಕೊಟ್ಟಿದ್ದಕ್ಕೇ ಅಲ್ವಾ ಆಕೆ ಟೆಕ್ನಿಷಿಯನ್‌ನನ್ನೇ ಕೇಳಿದ್ದು? ಅವನನ್ನು ಅನುಮಾನಿಸಿದ್ದರೆ ಸುಮ್ನೆ ವಿಡಿಯೋ ತರಿಸಿಕೊಳ್ಳುತ್ತಿದ್ದರು.

ನಾಲ್ಕು ದಿನದಿಂದ ನಾನು ಆ ಪ್ರಶ್ನೆಯನ್ನೇ ತಿರುಗಿಸಿ ಹಾಕುತ್ತಿದ್ದೇನೆ. ಆಕೆ ಇನ್ನೂ ಹೇಗೆಲ್ಲ ಕೇಳಬಹುದಿತ್ತು! "ಖಚಿತಾನಾ?" ಅಂದಿದ್ದರೆ ಅವನು ಹೌದು ಅನ್ನುತ್ತಿದ್ದ, ಯಾಕೆಂದರೆ ಅವನಿಗೆ ಖಚಿತವೇ ಇತ್ತು. ಈ ಪ್ರಶ್ನೆಗೆ ಮಾತ್ರ ಒಳ್ಳೆಯವನೂ ನಿಂತು ಯೋಚಿಸಬೇಕು.

ಜಪಾನಿನಲ್ಲಿ 2002ರಲ್ಲಿ ಟೆಪ್ಕೋ ಅನ್ನುವ ವಿದ್ಯುತ್ ಕಂಪನಿಯ ಸುಳ್ಳು ಬಯಲಾಯಿತು. ಶ್ರೌಡ್ ಬಿರುಕುಗಳೂ ಸೇರಿದಂತೆ ಎಷ್ಟೋ ತಪಾಸಣೆ ವರದಿಗಳನ್ನು ವರ್ಷಗಟ್ಟಲೆ ತಿದ್ದಿದ್ದರು. ಅಧ್ಯಕ್ಷರು ರಾಜೀನಾಮೆ ಕೊಟ್ಟರು. 2003ರ ಏಪ್ರಿಲ್ ಹೊತ್ತಿಗೆ ಕಂಪನಿಯ 17 ರಿಯಾಕ್ಟರ್‌ಗಳೂ ನಿಂತಿದ್ದವು. ಅಲ್ಲಿ ನಡೆದದ್ದು ಮೋಸ, ನಮ್ಮಲ್ಲಿ ಆಗಬಹುದಾಗಿದ್ದದ್ದು ಬರೀ ಒಂದು ಸಂಖ್ಯೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ತಿದ್ದಿದವರೆಲ್ಲ ರಾಕ್ಷಸರಾಗಿದ್ದರು ಅಂತ ನನಗನ್ನಿಸುವುದಿಲ್ಲ. "ಈ ಬಿರುಕಿನಿಂದ ಏನೂ ಆಗಲ್ಲ" ಅಂತ ಅವರಲ್ಲಿ ಕೆಲವರಿಗೆ ನಿಜವಾಗಿಯೂ ಅನ್ನಿಸಿರಬೇಕು. ಆ ಎಂಜಿನಿಯರಿಂಗ್ ಅಂದಾಜು ಸರಿಯೇ ಇದ್ದಿರಬಹುದು ಕೂಡ. ಆದರೆ ವರದಿಯ ಆ ಜಾಗದಲ್ಲಿ ಬರೆಯಬೇಕಿದ್ದದ್ದು ಅಂದಾಜನ್ನಲ್ಲ.

ಗುರುವಾರ ಮೀಟಿಂಗ್‌ನಲ್ಲಿ ನಾನೊಂದು ಸಲಹೆ ಕೊಟ್ಟೆ. ಟೂಲ್‌ಗೇ ಒಂದು ಕೌಂಟರ್ ಕೂರಿಸೋಣ, ಕ್ಯಾಮೆರಾ ಮಬ್ಬಾದರೂ ಲೆಕ್ಕ ತಪ್ಪುವುದಿಲ್ಲ. ಮ್ಯಾನೇಜರ್‌ಗೆ ಖುಷಿಯೋ ಖುಷಿ. ಇನ್‌ಸ್ಪೆಕ್ಟರ್ ಡ್ರಾಯಿಂಗ್ ನೋಡಿದರು. "ಟೂಲ್ ಓಡಾಡಿದ್ದನ್ನು ಇದು ಎಣಿಸುತ್ತೆ. ಕಲ್ಲು ಲೋಹಕ್ಕೆ ತಾಗಿದ್ದನ್ನು?" ಅಂದರು.

ಈಗ ಕಲ್ಲಿನ ಹಿಂದೆ ಒತ್ತಡ ಅಳೆಯುವ ಸೆನ್ಸರ್ ಎಲ್ಲಿ ಕೂರಿಸುವುದು ಅಂತ ಹುಡುಕುತ್ತಿದ್ದೇವೆ. ಜಾಗವೇ ಇಲ್ಲ.