ಆಂಟಿಗ್ವಾ ಗ್ವಾಟೆಮಾಲಾದ ಮಾದರಿ: ಕಮಾನು ಮುಗಿಯಿತು, ಲಾ ಮೆರ್ಸೆದ್ ಚರ್ಚಿನ ಮುಂಭಾಗದ ಕೆಲಸ ನಡೆಯುತ್ತಿದೆ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿರುವ, ಒಂದು ಕಾಲದ ರಾಜಧಾನಿ ಆಂಟಿಗ್ವಾ ಗ್ವಾಟೆಮಾಲಾದ ಹಳೆಯ ಬಡಾವಣೆಯೊಂದನ್ನು ಮೌಂಟ್ ಬೋರ್ಡ್ (ದಪ್ಪ ರಟ್ಟು) ಹಾಗೂ ಪ್ಲಾಸ್ಟರಿನಲ್ಲಿ 1:100ರ ಅಳತೆಗೆ ಕಟ್ಟುತ್ತಿರುವ ನನ್ನ ಕೆಲಸದಲ್ಲಿ ಸಾಂತಾ ಕತಾಲಿನಾ ಕಮಾನು ಪೂರ್ಣಗೊಂಡಿದ್ದು, ಲಾ ಮೆರ್ಸೆದ್ ಚರ್ಚಿನ ಗೋಡೆಗಳು ಎದ್ದು ನಿಂತಿವೆ. ಮಾದರಿಗೆ ನಾನು ಆರಿಸಿಕೊಂಡಿರುವುದು 1767ರಿಂದ 1773ರವರೆಗಿನ ಕಾಲ. ಅಂದರೆ ಈಗಿರುವ ಲಾ ಮೆರ್ಸೆದ್ ಕಟ್ಟಡ ಪೂರ್ಣಗೊಂಡ ಮೇಲಿನ, ಸಾಂತಾ ಮಾರ್ತಾ ಭೂಕಂಪಕ್ಕೆ ಮುಂಚಿನ ಕೆಲವೇ ವರ್ಷಗಳು.

ಈ ಆಯ್ಕೆಯಿಂದ ಕಮಾನಿನ ರೂಪವೇ ಬದಲಾಯಿತು. ಇಂದಿನ ಚಿತ್ರಗಳಲ್ಲೆಲ್ಲ ಕಾಣುವ ಗಡಿಯಾರದ ಗೋಪುರ 19ನೆಯ ಶತಮಾನದ್ದಾದ್ದರಿಂದ ಅದನ್ನು ಕೈಬಿಟ್ಟೆ. ಬೀದಿಯ ಎರಡೂ ಬದಿಗೆ ಹರಡಿಕೊಂಡಿದ್ದ ಸಾಂತಾ ಕತಾಲಿನಾ ಮಠದ ಸನ್ಯಾಸಿನಿಯರು ಹೊರಗಿನವರ ಕಣ್ಣಿಗೆ ಬೀಳದೆ ದಾಟಲೆಂದು 17ನೆಯ ಶತಮಾನದ ಕೊನೆಯಲ್ಲಿ ಈ ಕಮಾನನ್ನು ಕಟ್ಟಲಾಯಿತು. ಆದ್ದರಿಂದ ನೋಡುವವರಿಗೆ ಕಾಣದಿದ್ದರೂ ಅದರೊಳಗಿನ ಓಣಿಯನ್ನು ಟೊಳ್ಳಾಗಿಯೇ ಉಳಿಸಿದ್ದೇನೆ. ಆ ಓಣಿಯಿಲ್ಲದ ಕಮಾನಿಗೆ ಅರ್ಥವೇ ಇರುವುದಿಲ್ಲ.

ಚರ್ಚಿನ ಕೆಲಸ ನಿಧಾನವಾಗಿ ಸಾಗಿದೆ. ದಪ್ಪ ಗೋಡೆ, ಕುಳ್ಳಗೆ ಅಗಲವಾಗಿ ಕೂತ ಗಂಟೆಗೋಪುರಗಳು: ಈ ಗಿಡ್ಡತನದಲ್ಲೇ ನಗರದ ಚರಿತ್ರೆಯಿದೆ. ಅಲ್ಮೊಲೊಂಗಾ ಕಣಿವೆಯಲ್ಲಿದ್ದ, ಇದಕ್ಕೂ ಮುಂಚಿನ ರಾಜಧಾನಿ 1541ರ ಸೆಪ್ಟೆಂಬರಿನಲ್ಲಿ ಅಗ್ವಾ ಜ್ವಾಲಾಮುಖಿಯ ಇಳಿಜಾರಿನಿಂದ ನುಗ್ಗಿದ ಕೆಸರಿನ ಪ್ರವಾಹಕ್ಕೆ ಸಿಕ್ಕಿ ನಾಶವಾಯಿತು. ಆಗಷ್ಟೇ ಗವರ್ನರ್ ಪದವಿಗೇರಿದ್ದ ಬಿಯಾತ್ರಿಸ್ ದೆ ಲಾ ಕ್ವೆವಾ ಅದರಲ್ಲೇ ತೀರಿಕೊಂಡರು. 1543ರಲ್ಲಿ ಪಾಂಚೋಯ್ ಕಣಿವೆಯಲ್ಲಿ ನೆಲೆಗೊಂಡ ಹೊಸ ನಗರವನ್ನು 1717 ಮತ್ತು 1751ರ ಭೂಕಂಪಗಳು ಅಲುಗಾಡಿಸಿದವು. ಇಂಥ ನೆಲದ ಮೇಲೆ ಎತ್ತರದ ಗೋಪುರವೆಬ್ಬಿಸುವ ಆಸೆಯನ್ನು ಬದಿಗಿಟ್ಟ ಕಟ್ಟಡಗಾರರು ತಮ್ಮ ಕುಶಲತೆಯನ್ನೆಲ್ಲ ಗೋಡೆಯ ಮೈಮೇಲೆ ಸುರಿದರೆಂದು ನನಗನ್ನಿಸುತ್ತದೆ. ಲಾ ಮೆರ್ಸೆದ್‌ನ ಮುಂಭಾಗವನ್ನು ತುಂಬಿರುವ ಬಳ್ಳಿ, ಎಲೆ, ಹೂಗಳು ಕಲ್ಲಿನ ಕೆತ್ತನೆಯಲ್ಲ, ಗಾರೆಯಲ್ಲಿ ಎಬ್ಬಿಸಿದ ಉಬ್ಬುಚಿತ್ರಗಳು. ನಾನೂ ಅದೇ ಕ್ರಮ ಹಿಡಿದು, ಕಂಬಗಳಿಗೆ ತೆಳುವಾಗಿ ಪುಟ್ಟಿ ಬಳಿದು, ಅದು ಬಿಗಿಯುವ ಮೊದಲೇ ಹೊಲಿಗೆ ಸೂಜಿಯ ತುದಿಯಿಂದ ಎಲೆಗಳ ಅಂಚನ್ನು ಎತ್ತುತ್ತಿದ್ದೇನೆ. ಒಂದೇ ಸಲಕ್ಕೆ ಬೆರಳಗಲಕ್ಕಿಂತ ಹೆಚ್ಚು ಬಳಿದರೆ ಕೆಲಸ ಮುಗಿಯುವಷ್ಟರಲ್ಲಿ ಒಣಗಿ ಪುಡಿಯಾಗುತ್ತದೆ.

ಮುಂಬಾಗಿಲನ್ನು ತೆರೆಯಲು ಬರುವಂತೆ ಮಾಡುವ ತೀರ್ಮಾನವಾಗಿದೆ. ಏಕೆಂದರೆ 17ನೆಯ ಶತಮಾನದಲ್ಲಿ ಮಾತೇಯೋ ದೆ ಸೂನ್ಯಿಗಾ ಮರದಲ್ಲಿ ಕೆತ್ತಿದ, ಶಿಲುಬೆ ಹೊತ್ತ ಯೇಸುವಿನ ಉತ್ಸವಮೂರ್ತಿ ಆಗ ಈ ಚರ್ಚಿನಲ್ಲೇ ಇತ್ತು. 1773ರ ಜುಲೈ 29ರ ಭೂಕಂಪದ ಬಳಿಕ 1776ರಲ್ಲಿ ರಾಜಧಾನಿ ಎರ್ಮಿತಾ ಕಣಿವೆಗೆ, ಅಂದರೆ ಇಂದಿನ ಗ್ವಾಟೆಮಾಲಾ ನಗರವಿರುವ ಜಾಗಕ್ಕೆ, ವರ್ಗವಾದಾಗ, ಆ ಮೂರ್ತಿಯೂ ಕ್ರಮೇಣ ಹೊಸ ನಗರದ ಲಾ ಮೆರ್ಸೆದ್ ಚರ್ಚನ್ನು ಸೇರಿತು. ಎಲ್ಲರೂ ಊರು ಬಿಡಬೇಕೆಂಬ ಆಜ್ಞೆಯಿದ್ದರೂ ಕೆಲವರು ಹೋಗದೆ ಉಳಿದರು. ಅವರಿಂದಾಗಿಯೇ ಇಂದು ಅಳತೆ ತೆಗೆಯಲು ನಮಗೊಂದು ನಗರವಿದೆ.

ಬಲಗಡೆಯ ಗೋಪುರಕ್ಕೆ ಗಂಟೆ ತೂಗುವ ಕಮಾನುಗಳನ್ನು ಕತ್ತರಿಸಿಟ್ಟಿದ್ದೇನೆ. ಅವು ಕೂತ ಮೇಲೆ ಬೀದಿಯ ಕಲ್ಲುಹಾಸಿನ ಕೆಲಸ ಆರಂಭವಾಗುತ್ತದೆ.