ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ

2018ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮ್ಯಾಕ್ಸಿ ಉಪಕರಣವು, ಸುಮಾರು 10,000 ಜ್ಯೋತಿರ್ವರ್ಷ ದೂರದಲ್ಲಿ ದಿಢೀರನೆ ಬೆಳಗಿದ ಕ್ಷ-ಕಿರಣ ಆಕರವೊಂದನ್ನು ಗುರುತಿಸಿತು. ಮ್ಯಾಕ್ಸಿ ಜೆ1820+070 ಎಂಬ ಈ ಆಕರವು ಕಪ್ಪುಕುಳಿಯೊಂದು ತನ್ನ ಸಂಗಾತಿ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುತ್ತಿರುವ ಜೋಡಿ. ಇಂಥ ಆಕರಗಳ ಹೊಳಪು ಎಷ್ಟು ಪಟ್ಟು ಏರಿತೆಂಬುದೇ ಹೆಚ್ಚಾಗಿ ಸುದ್ದಿಯಾಗುತ್ತದೆ. ಆದರೆ ಆ ಹೊಳಪು ಯಾವ ಶಕ್ತಿಯ ಕಿರಣಗಳಲ್ಲಿ ಎಷ್ಟೆಷ್ಟು ಹಂಚಿಹೋಗಿದೆ, ಆ ಹಂಚಿಕೆ ವಾರದಿಂದ ವಾರಕ್ಕೆ ಹೇಗೆ ಬದಲಾಗುತ್ತದೆ ಎನ್ನುವುದರಲ್ಲೇ ನಿಜವಾದ ಕಥೆಯಿದೆ ಎಂದು ನಾನು ನಂಬಿದ್ದೇನೆ.

ಸ್ಫೋಟದ, ಅಂದರೆ ಈ ದಿಢೀರ್ ಬೆಳಗುವಿಕೆಯ, ಮೊದಲ ದಿನಗಳ ರೋಹಿತವನ್ನು (ಶಕ್ತಿವಾರು ಹೊಳಪಿನ ಹಂಚಿಕೆಯನ್ನು) ಗ್ರಾಫಿನಲ್ಲಿ ನೋಡಿದರೆ, ರೇಖೆಯು ಹತ್ತಾರು ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳವರೆಗೆ (ಇದು ಕಿರಣಗಳ ಶಕ್ತಿಯ ಅಳತೆ) ಬಹುತೇಕ ನೇರವಾಗಿ ಚಾಚಿಕೊಂಡಿರುತ್ತದೆ; ಕಪ್ಪುಕುಳಿಯ ಸಮೀಪದ ಅತಿ ಬಿಸಿ ಎಲೆಕ್ಟ್ರಾನುಗಳಿಗೆ ಡಿಕ್ಕಿ ಹೊಡೆದ ಮೃದು (ಕಡಿಮೆ ಶಕ್ತಿಯ) ಕಿರಣಗಳು ಶಕ್ತಿ ಗಳಿಸಿಕೊಂಡು ಹೊರಬರುವುದೇ ಇದಕ್ಕೆ ಕಾರಣ. ಇದು ಗಡುಸು ಸ್ಥಿತಿ. ಮುಂದೆ ಕಪ್ಪುಕುಳಿಯನ್ನು ಸುತ್ತುವ ಅನಿಲದ ತಟ್ಟೆಯ ಒಳಭಾಗವು ಸುಮಾರು 1 ಕೋಟಿ ಕೆಲ್ವಿನ್‌ವರೆಗೆ ಕಾದು ಮೇಲುಗೈ ಪಡೆದಾಗ, ಅದೇ ರೇಖೆ ಕಡಿಮೆ ಶಕ್ತಿಯ ಕಡೆ ದುಂಡಗೆ ಉಬ್ಬಿ, ಹೆಚ್ಚಿನ ಶಕ್ತಿಯ ಕಡೆ ಕಡಿದಾಗಿ ಕುಸಿಯುತ್ತದೆ. ಮ್ಯಾಕ್ಸಿ ಜೆ1820+070 ಈ ಮೃದು ಸ್ಥಿತಿಗೆ ಹೊರಳಿದ್ದು ಜುಲೈನಲ್ಲಿ.

ನನ್ನನ್ನು ಬಿಡದೆ ಕಾಡುವುದು ಮರಳುವ ಹಾದಿ. ಗಡುಸಿನಿಂದ ಮೃದುವಿಗೆ ಹೋಗುವಾಗ ಹೊಳಪು ಸಾಮಾನ್ಯವಾಗಿ ಬಹಳ ಹೆಚ್ಚಿರುತ್ತದೆ; ಮೃದುವಿನಿಂದ ಗಡುಸಿಗೆ ಮರಳುವುದಾದರೋ, ಹೊಳಪು ಎಡಿಂಗ್ಟನ್ ಮಿತಿಯ (ಬೆಳಕಿನ ಒತ್ತಡವೇ ಒಳಬೀಳುವ ಅನಿಲವನ್ನು ತಡೆಯುವಷ್ಟು ಹೊಳಪಿನ) ಶೇ. 1ರಿಂದ 4ರಷ್ಟಕ್ಕೆ ಇಳಿದ ಮೇಲೆಯೇ. ಹಾಗಾಗಿ ಹೊಳಪೊಂದನ್ನೇ ಅಳೆದು ಆಕರ ಯಾವ ಸ್ಥಿತಿಯಲ್ಲಿದೆ ಎಂದು ಹೇಳಲಾಗದು, ಅದು ಬಂದ ದಾರಿಯೂ ಗೊತ್ತಿರಬೇಕು. ಇಡೀ ಸ್ಫೋಟದ ದತ್ತಾಂಶವನ್ನು ಒಟ್ಟುಗೂಡಿಸಿ ಸರಾಸರಿ ರೋಹಿತ ತೆಗೆದರೆ, ಯಾವ ದಿನವೂ ಇರದಿದ್ದ ಒಂದು ಆಕಾರ ಕೈಗೆ ಸಿಗುತ್ತದೆ.

ಬೆಂಗಳೂರಿಗರಿಗೆ ಇದು ದೂರದ ವಿಷಯವಲ್ಲ. 2015ರಲ್ಲಿ ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ನಮ್ಮ ಬ್ಯಾಲಾಳುವಿನ ಕೇಂದ್ರದಲ್ಲಿದೆ. 2024ರ ಜನವರಿ 1ರಂದು ಹಾರಿದ ಕ್ಷ-ಕಿರಣ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಎರಡು ಉಪಕರಣಗಳೂ ಇಲ್ಲಿಯವೇ: ಪೋಲಿಕ್ಸ್ ರಾಮನ್ ಸಂಶೋಧನಾ ಸಂಸ್ಥೆಯದು, ಎಕ್ಸ್‌ಸ್ಪೆಕ್ಟ್ ಯು. ಆರ್. ರಾವ್ ಉಪಗ್ರಹ ಕೇಂದ್ರದ್ದು. ಕಿರಣಗಳ ಧ್ರುವೀಕರಣವನ್ನು (ಅಲೆಗಳು ಕಂಪಿಸುವ ದಿಕ್ಕನ್ನು) ಅಳೆಯುವ ಪೋಲಿಕ್ಸ್‌ಗೆ ಸಾಕಷ್ಟು ಕಿರಣಗಳನ್ನು ಕೂಡಿಹಾಕಲು ಒಂದೇ ಆಕರದತ್ತ ದೀರ್ಘಕಾಲ ಮುಖಮಾಡಿರಬೇಕಾಗುತ್ತದೆ. ಅಷ್ಟೂ ಹೊತ್ತು ಪಕ್ಕದಲ್ಲೇ ಇರುವ ಎಕ್ಸ್‌ಸ್ಪೆಕ್ಟ್ 0.8ರಿಂದ 15 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗಿನ ರೋಹಿತವನ್ನು ದಾಖಲಿಸುತ್ತಾ ಹೋಗುತ್ತದೆ. ಸ್ಥಿತಿ ಹೊರಳುವ ಆ ಕೆಲವೇ ದಿನಗಳನ್ನು ಹಿಡಿಯಲು ಬೇಕಾದದ್ದು ಇಂಥ ಬಿಡುವಿಲ್ಲದ ನೋಟವೇ.