ಮಾನಾ ಪೂಲ್ಸ್ ಕ್ಯಾಂಪ್ ಕೆಲಸ: ಸಿಂಹಕ್ಕಿಂತ ನಿಂಬೆಹಣ್ಣಿನ ಚಿಂತೆಯೇ ಜಾಸ್ತಿ

ಜನರನ್ನು ಆಫ್ರಿಕಾದ ಕಾಡಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ: ಸಿಂಹ ಹತ್ತಿರ ಬಂದರೆ ಏನು ಮಾಡ್ತೀರಿ? ಅದನ್ನು ನೋಡಿಕೊಳ್ಳಲು ರೈಫಲ್ ಹಿಡಿದ ಗೈಡ್ ಇರುತ್ತಾರೆ. ನನ್ನ ಪಾಲಿಗೆ ಬರುವುದು ಅಕ್ಕಿ, ನೀರು, ಡೀಸೆಲ್, ಟೆಂಟು, ಕಸದ ಚೀಲ, ಮತ್ತೆ ಗೆಸ್ಟ್‌ಗಳ ಬ್ಯಾಗಿನೊಳಗೆ ಏನಿದೆ ಅನ್ನುವ ವಿಚಾರಣೆ. ಬೆಂಗಳೂರಿನಿಂದ ಸಣ್ಣ ಸಣ್ಣ ಗುಂಪುಗಳನ್ನು ಜಿಂಬಾಬ್ವೆಯ ಮಾನಾ ಪೂಲ್ಸ್ ನ್ಯಾಷನಲ್ ಪಾರ್ಕಿಗೆ ಕರೆದೊಯ್ಯುತ್ತೇನೆ. ಈ ಲೈನಿಗೆ ಬರಬೇಕು ಅಂತಿರುವ ಹುಡುಗ ಹುಡುಗಿಯರು ಆಗಾಗ ಮೆಸೇಜ್ ಮಾಡ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲೇ ಬರೆದುಬಿಡ್ತೀನಿ.

ಜಾಗದ ಬಗ್ಗೆ ಎರಡು ಮಾತು. ದೇಶದ ಉತ್ತರ ತುದಿಯಲ್ಲಿ, ಜಾಂಬೆಜಿ ನದಿಯ ದಡದಲ್ಲಿ ಸುಮಾರು 2,200 ಚದರ ಕಿ.ಮೀ. ಕಾಡು. ನದಿಯ ಆಚೆ ದಡ ಜಾಂಬಿಯಾ. 1984ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಕಬಿನಿಯಲ್ಲಿ ನಾವು ಜೀಪಿನಿಂದ ಕಾಲು ಕೆಳಗಿಡುವ ಹಾಗಿಲ್ಲ, ಸಂಜೆಯಾದರೆ ರೆಸಾರ್ಟಿಗೆ ವಾಪಸ್. ಮಾನಾದಲ್ಲಿ ಕಾಡಿನೊಳಗೆ ನಡೆದೇ ಓಡಾಡಬಹುದು. ಅದಕ್ಕೇ ಇದು ಹೆಸರುವಾಸಿ. ರಾತ್ರಿ ಮಲಗುವ ಕ್ಯಾಂಪಿಗೂ ಬೇಲಿಯಿಲ್ಲ, ಕಂದಕವಿಲ್ಲ, ಸೋಲಾರ್ ತಂತಿಯೂ ಇಲ್ಲ. ಅಂಗಡಿ, ಪೆಟ್ರೋಲ್ ಬಂಕ್ ಅಂತೂ ಕೇಳಲೇಬೇಡಿ.

ಹಾಗಾಗಿ ನಮ್ಮ ಕೆಲಸದ ಮುಕ್ಕಾಲು ಭಾಗ ರಾಜಧಾನಿ ಹರಾರೆಯಲ್ಲೇ ಮುಗಿದಿರಬೇಕು. ಅಲ್ಲಿಂದ ಚಿನೋಯಿ, ಕರೋಯಿ, ಮಕುಟಿ ದಾಟಿ ಹೋಗುವ ದಾರಿ ಜಾಂಬಿಯಾ ಕಡೆಯ ಚಿರುಂಡು ಗಡಿಗೆ ಹೋಗುವ ಲಾರಿಗಳದ್ದು, ನಮ್ಮ ಶಿರಾಡಿ ಘಾಟಿ ನೆನಪಾಗುವಷ್ಟು ಲಾರಿ. ಕರೋಯಿಯಲ್ಲೇ ಟ್ಯಾಂಕ್ ಫುಲ್ ಮಾಡಿಸಿ, ಕ್ಯಾನ್‌ಗಳನ್ನೂ ತುಂಬಿಸಿಕೊಳ್ಳುತ್ತೇವೆ. ಅಮೆರಿಕನ್ ಡಾಲರ್ ನಡೆಯುತ್ತೆ, ಆದರೆ ಚಿಲ್ಲರೆ ಸಿಗುವುದಿಲ್ಲ. ಒಂದು, ಐದರ ನೋಟುಗಳ ಕಟ್ಟು ಬೇಕೇ ಬೇಕು. ಮರೊಂಗೊರಾದಲ್ಲಿ ಪಾರ್ಕಿನವರ ಆಫೀಸು. ಅಲ್ಲಿ ಕಾಗದಪತ್ರ ಮುಗಿಸಿ ಘಾಟಿ ಇಳಿದರೆ ಮಣ್ಣಿನ ರಸ್ತೆ ಶುರು. ಸುಮಾರು 70 ಕಿ.ಮೀ., ಛಾವಣಿಯ ತಗಡಿನ ಮೇಲೆ ಗಾಡಿ ಓಡಿಸಿದ ಹಾಗೆ. ಟಯರಿನ ಗಾಳಿ ಸ್ವಲ್ಪ ಇಳಿಸಿಕೊಳ್ಳಬೇಕು, ಮೊಟ್ಟೆಗಳನ್ನು ಬಟ್ಟೆಯ ಮಧ್ಯೆ ಇಡಬೇಕು, ಗ್ಯಾಸ್ ಸಿಲಿಂಡರನ್ನು ಕಟ್ಟಿದ ಮೇಲೆ ಇನ್ನೊಂದು ಸಲ ಬಿಗಿಯಾಗಿ ಕಟ್ಟಬೇಕು. ಕತ್ತಲಾದ ಮೇಲೆ ಪಾರ್ಕಿನೊಳಗೆ ಗಾಡಿ ಓಡಿಸುವಂತಿಲ್ಲ, ಅದಕ್ಕೇ ಹರಾರೆಯಲ್ಲಿ ಬೆಳಿಗ್ಗೆ ತಡ ಮಾಡುವ ಗೆಸ್ಟ್‌ಗಳ ಮೇಲೆ ನನಗೆ ಸಿಟ್ಟು ಬರುತ್ತೆ. ಈ ದಾರಿಯಲ್ಲಿ ತ್ಸೆತ್ಸೆ ನೊಣದ ಕಾಟ ಬೇರೆ. ಕಪ್ಪು, ಕಡುನೀಲಿ ಬಟ್ಟೆ ಕಂಡರೆ ಅದಕ್ಕೆ ಪ್ರಾಣ. ಜೀನ್ಸ್ ಬೇಡ ಅಂತ ಮೂರು ಸಲ ಹೇಳಿದರೂ ಒಬ್ಬರಾದರೂ ಹಾಕಿಕೊಂಡೇ ಬರ್ತಾರೆ. ಜೀನ್ಸಿನ ಮೇಲಿಂದಲೇ ಕಚ್ಚುತ್ತೆ.

ಈಗ ನಿಂಬೆಹಣ್ಣು. ಕಿತ್ತಳೆ, ನಿಂಬೆ ಜಾತಿಯ ಹಣ್ಣನ್ನು ಮಾನಾದೊಳಗೆ ಒಯ್ಯುವಂತಿಲ್ಲ. ಹಿಂದೆ ಬಂದವರು ಆನೆಗಳಿಗೆ ಕಿತ್ತಳೆ ತಿನ್ನಿಸಿ ರುಚಿ ಹತ್ತಿಸಿದರು. ಆಮೇಲೆ ಆನೆಗಳು ಹಣ್ಣು ಹುಡುಕಿಕೊಂಡು ಕಾರು, ಟೆಂಟುಗಳಿಗೇ ಕೈಹಾಕಲು ಶುರು ಮಾಡಿದವು. ಜನರ ಮೇಲೆ ಏರಿ ಬರುವ ಆನೆಯನ್ನು ಕೊನೆಗೆ ಗುಂಡಿಟ್ಟು ಕೊಂದರು. ತಿನ್ನಿಸಿದವರು ಫೋಟೋ ತೆಗೆದುಕೊಂಡು ಊರಿಗೆ ಹೋಗಿದ್ದರು, ಅಷ್ಟೇ.

ನಮ್ಮವರಿಗೆ ಈ ನಿಯಮ ಪಾಲಿಸುವುದು ಇನ್ನೂ ಕಷ್ಟ. ಒಬ್ಬರು ಆಂಟಿ, ಪಾಪ, ತುಂಬಾ ಒಳ್ಳೆಯವರು. ಮರೊಂಗೊರಾಕ್ಕೆ ಮುಂಚೆ ಗಾಡಿ ನಿಲ್ಲಿಸಿ ಎಲ್ಲರ ಬ್ಯಾಗ್ ನೋಡುವಾಗ "ನನ್ನ ಹತ್ತಿರ ಏನೂ ಇಲ್ಲಪ್ಪ" ಅಂದರು. ಹ್ಯಾಂಡ್‌ಬ್ಯಾಗಿನ ಜಿಪ್ ತೆಗೆದರೆ ಕರ್ಚೀಫಿನಲ್ಲಿ ಸುತ್ತಿದ ನಾಲ್ಕು ನಿಂಬೆಹಣ್ಣು, ಒಂದಕ್ಕೆ ಉಗುರಿನಿಂದ ಗೀರಿದ ಗುರುತು ಬೇರೆ. "ಅದು ತಿನ್ನೋಕಲ್ಲ, ಘಾಟಿಯಲ್ಲಿ ವಾಂತಿ ಬರದಿರಲಿ ಅಂತ ಮೂಸೋಕೆ!" ಅಂದರು. ಚಿಕ್ಕಮಗಳೂರು ಬಸ್ಸಿನಲ್ಲಿ ಎಷ್ಟು ಜನರ ಕೈಯಲ್ಲಿ ನೋಡಿಲ್ಲ ನಾವು, ಅಲ್ವಾ? ವಾಂತಿ ಮಾತ್ರೆ ಕೊಟ್ಟು ಹಣ್ಣು ಇಸಿದುಕೊಂಡೆ. ಅಂದಿನಿಂದ ಬೆಂಗಳೂರಿನ ಮೀಟಿಂಗಿನಲ್ಲಿ "ಹಣ್ಣು ತರಬೇಡಿ" ಅಂತ ಹೇಳುವುದಿಲ್ಲ. "ಮೂಸೋಕೂ ಬೇಡ, ಪೂಜೆಗೂ ಬೇಡ, ಟಯರಿನ ಕೆಳಗಿಡೋಕೂ ಬೇಡ" ಅಂತ ಬಿಡಿಸಿ ಹೇಳ್ತೀನಿ. ಚಿತ್ರಾನ್ನ ಮೆನುವಿನಿಂದ ಔಟ್. ಪುಳಿಯೋಗರೆ ಗೊಜ್ಜು ಮನೆಯಲ್ಲೇ ಮಾಡಿಸಿ ಒಯ್ಯುತ್ತೇನೆ, ಯಾರೂ ದೂರಿಲ್ಲ.

"ನಮ್ಮದು ಪ್ಯೂರ್ ವೆಜ್ ಗ್ರೂಪು, ನಮ್ಮ ಹತ್ತಿರ ಯಾವ ಪ್ರಾಣಿ ಬರುತ್ತೆ ಬಿಡಿ" ಅನ್ನುವವರೂ ಇದ್ದಾರೆ. ಮಾಂಸ ಬೇಯಿಸಿದರೆ ರಾತ್ರಿ ಕತ್ತೆಕಿರುಬ ಬರುತ್ತೆ, ತರಕಾರಿ ಇಟ್ಟರೆ ಹಗಲಲ್ಲೇ ಬಬೂನ್ ಬರುತ್ತೆ. ಬಬೂನ್ ನಿಮ್ಮ ಕಣ್ಣೆದುರಿಗೇ ಬ್ರೆಡ್ ಪ್ಯಾಕೆಟ್ ಎತ್ತಿಕೊಂಡು ಮರ ಹತ್ತುತ್ತೆ. ಕತ್ತೆಕಿರುಬಕ್ಕೆ ಚಪ್ಪಲಿಯೂ ಆಗುತ್ತೆ, ಎಣ್ಣೆ ಜಿಡ್ಡಿನ ಪಾತ್ರೆಯೂ ಆಗುತ್ತೆ. ಅದಕ್ಕೇ ಊಟ ಮುಗಿದ ಕೂಡಲೇ ಪಾತ್ರೆ ತೊಳೆದು, ಎಲ್ಲವನ್ನೂ ಗಾಡಿಯೊಳಗೆ ಹಾಕಿ ಬಾಗಿಲು ಲಾಕ್. ಕಸ ಹರಾರೆಗೆ ವಾಪಸ್ ನಮ್ಮ ಜೊತೆಯೇ ಬರುತ್ತೆ. ಟೆಂಟಿನೊಳಗೆ ಬಿಸ್ಕೆಟ್ಟೂ ಇರಬಾರದು, ಚಕ್ಕುಲಿಯೂ ಇರಬಾರದು. ಚಪ್ಪಲಿ ಮಾತ್ರ ಒಳಗೆ ಬರಬೇಕು. ಮನೆಯಲ್ಲಿ ಕಲಿತದ್ದಕ್ಕೆ ಪೂರ್ತಿ ಉಲ್ಟಾ!

ಟೆಂಟ್ ಎಲ್ಲಿ ಹಾಕಬೇಕು ಅನ್ನುವುದು ಇನ್ನೊಂದು ಪಾಠ, ಇದನ್ನು ನನಗೆ ಕಲಿಸಿದ್ದು ಅಲ್ಲಿನ ಗೈಡ್. ನದಿಯಿಂದ ಮೇಲೆ ಬರುವ, ಹುಲ್ಲು ಕಡಿಮೆಯಿರುವ ಚಂದದ ಸಪಾಟು ದಾರಿಯೊಂದು ಕಾಣಿಸುತ್ತೆ. ಹೊಸಬರೆಲ್ಲ ಅಲ್ಲೇ ಟೆಂಟ್ ಹಾಕಲು ಹೋಗ್ತಾರೆ. ಗೈಡ್ ನನ್ನನ್ನು ಕುಕ್ಕರಗಾಲಲ್ಲಿ ಕೂರಿಸಿ ತೋರಿಸಿದರು: ಎರಡು ಪಕ್ಕದಲ್ಲಿ ಸವೆದ ಗೆರೆ, ನಡುವೆ ಸಣ್ಣ ದಿಬ್ಬ. ನೀರಾನೆಯ ಎಡಗಾಲು ಬಲಗಾಲು ದೂರ ದೂರ ಇರುವುದರಿಂದ ಅದರ ದಾರಿ ಹೀಗೆ ಜೋಡಿಗೆರೆಯಾಗಿ ಸವೆಯುತ್ತೆ. ಕತ್ತಲಾದ ಮೇಲೆ ಮೇಯಲು ಇದೇ ದಾರಿಯಲ್ಲಿ ಬರುತ್ತೆ, ನಿಮ್ಮ ಟೆಂಟಿಗಾಗಿ ದಾರಿ ಬದಲಿಸುವುದಿಲ್ಲ. ಸಾಸೇಜ್ ಮರದ ಕೆಳಗೂ ಬೇಡ. ಬೆಂಗಳೂರಿನ ಪಾರ್ಕುಗಳಲ್ಲೂ ಇದೆ ಈ ಮರ, ಅದರ ಕಾಯಿ ಕೆಜಿಗಟ್ಟಲೆ ತೂಗುತ್ತೆ. ಆನಾ ಮರದ ಕೆಳಗೂ ಬೇಡ. ಈ ಮರದ ರೀತಿಯೇ ಬೇರೆ. ಮಳೆಗಾಲದಲ್ಲಿ ಬೋಳಾಗಿ, ಮಳೆಯಿಲ್ಲದ ಒಣ ದಿನಗಳಲ್ಲಿ ಹಸಿರಾಗಿ, ಬೇರೇನೂ ಸಿಗದ ಹೊತ್ತಿನಲ್ಲಿ ಸುರುಳಿ ಸುರುಳಿ ಕಾಯಿ ಉದುರಿಸುತ್ತೆ. ಆನೆಗಳಿಗೆ ಅದೆಂದರೆ ಇಷ್ಟ. ಮೇಲಿನ ಕೊಂಬೆಗಾಗಿ ಹಿಂಗಾಲಲ್ಲಿ ಎದ್ದು ನಿಲ್ಲುವ ಗಂಡಾನೆಗಳ ಫೋಟೋ ನೋಡಿರ್ತೀರಿ, ಅದು ಇಲ್ಲಿಯದ್ದೇ.

ಅಂಥದ್ದೇ ಒಂದು ಗಂಡಾನೆ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಟೇಬಲ್ಲಿಗೂ ಗಾಡಿಗೂ ನಡುವೆ ಬಂತು. ಗುಂಪಿನಲ್ಲಿ ಸಕಲೇಶಪುರದ ಕಡೆಯ ತೋಟದವರೊಬ್ಬರಿದ್ದರು. ಗೈಡ್ ಮೆಲ್ಲಗೆ "ಕೂತೇ ಇರಿ" ಅಂದರು. ಎಲ್ಲರೂ ಕೂತರು. ಇವರು ಮಾತ್ರ ಕುರ್ಚಿ ತುದಿಗೆ ಬಂದು, ತಟ್ಟೆ ಗಟ್ಟಿಯಾಗಿ ಹಿಡಿದುಕೊಂಡು, ಉಸಿರು ಕಟ್ಟಿದ್ದರು. ಆನೆ ಸೊಂಡಿಲಿನ ತುದಿಯಿಂದ ಒಂದೊಂದೇ ಕಾಯಿ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾ ಟೆಂಟಿನ ಹಗ್ಗ ದಾಟಿ ಹೋಯಿತು. ಹಗ್ಗ ಅಲುಗಲಿಲ್ಲ. ಆಮೇಲೆ ಅವರು ಹೇಳಿದ್ದು: "ನಮ್ಮಲ್ಲಿ ಹೀಗೆ ಕೂತ್ರೆ ಉಳಿಯೋದಿಲ್ಲ ಮಾರಾಯ್ರೆ."

ಅವರು ಹೇಳಿದ್ದು ಸರಿಯೇ. ಅದನ್ನು ಹೆದರಿಕೆ ಅಂತ ನಗುವವರು ಕಾಫಿ ತೋಟದಲ್ಲಿ ಬೆಳಗಿನ ಜಾವ ನಡೆದಿಲ್ಲ. ಅಲ್ಲಿ ಆನೆಗೂ ಪಟಾಕಿ, ಕೂಗಾಟ, ಅಟ್ಟಾಡಿಸುವುದು ಗೊತ್ತು. ಇಲ್ಲಿ ನದಿ ದಡದ ಈ ಗಂಡಾನೆಗಳಿಗೆ ಜನ ಅಂದರೆ ಸುಮ್ನೆ ಕೂತಿರುವ, ಏನೂ ಕೊಡದ, ಏನೂ ಮಾಡದ ಪ್ರಾಣಿ. ಮರಿ ಜೊತೆಗಿರುವ ಹೆಣ್ಣಾನೆಗಳ ಗುಂಪಾಗಿದ್ದರೆ ಗೈಡ್ ಬೇರೆಯೇ ಮಾತು ಹೇಳುತ್ತಿದ್ದರು, ನಾವೂ ಬೇಗ ಎದ್ದು ಹೋಗುತ್ತಿದ್ದೆವು. ಆವತ್ತು ಟೇಬಲ್ ಮೇಲೆ ಕಿತ್ತಳೆ ಇದ್ದಿದ್ದರೆ ಗಂಡಾನೆಯೂ ಹಾಗೆ ದಾಟಿ ಹೋಗುತ್ತಿರಲಿಲ್ಲ.

ಗೈಡ್ ಮಾತಿಗೆ ಎದುರಾಡಬಾರದು ಅನ್ನುವುದೂ ಈ ಕೆಲಸದ ಭಾಗವೇ. ಗುಂಪಿನ ಲೀಡರ್ ನಾನೇ ಇರಬಹುದು, ದುಡ್ಡು ಕೊಡುವವನೂ ನಾನೇ ಇರಬಹುದು. ಆದರೆ ಜಿಂಬಾಬ್ವೆಯಲ್ಲಿ ಗೈಡ್‌ಗೆ ಪೂರ್ತಿ ಲೈಸೆನ್ಸ್ ಸಿಗಲು ವರ್ಷಗಟ್ಟಲೆ ಹಿರಿಯರ ಕೈಕೆಳಗೆ ದುಡಿಯಬೇಕು. ಕೊನೆಯ ಪರೀಕ್ಷೆ ಕಾಡಿನಲ್ಲೇ ದಿನಗಟ್ಟಲೆ ನಡೆಯುತ್ತೆ, ಕ್ಯಾಂಪನ್ನು ಅವರೇ ಹಾಕಬೇಕು. ಅಂಥವರು "ವಾಪಸ್ ಹೋಗೋಣ" ಅಂದರೆ, ಗೆಸ್ಟ್‌ಗೆ ಕಾಡುನಾಯಿಯ ಒಳ್ಳೆ ಫೋಟೋ ಇನ್ನೂ ಸಿಕ್ಕಿಲ್ಲ ಅಂತ ನಾನು ಮಧ್ಯೆ ಬಾಯಿ ಹಾಕುವುದಿಲ್ಲ.

ರಾತ್ರಿ ಬಾತ್‌ರೂಮಿನ ಪ್ರಶ್ನೆಯನ್ನು ಯಾರೂ ಗುಂಪಿನಲ್ಲಿ ಕೇಳುವುದಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಇರುತ್ತೆ. ನಾನೇ ಮೊದಲು ಹೇಳಿಬಿಡ್ತೀನಿ: ಟೆಂಟಿಗೊಂದು ಮುಚ್ಚಳದ ಬಕೆಟ್. ಹೇಳಿದ ಮೇಲೆ ಮುಖಗಳು ಎಷ್ಟು ನಿರಾಳವಾಗುತ್ತವೆ ನೋಡಬೇಕು. ಜಿಪ್ ಪೂರ್ತಿ ಹಾಕಿ ಮಲಗಿದರೆ ಸಾಕು, ಹೊರಗಿನ ಸದ್ದಿಗೆ ಇಣುಕಬಾರದು.

ವಾಪಸ್ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಮಲೇರಿಯಾ ನಮ್ಮೂರಲ್ಲೂ ಇದೆ, ನಮಗೆ ಅಭ್ಯಾಸ ಅಂತ ಮಲೇರಿಯಾ ತಡೆಯುವ ಮಾತ್ರೆ ಬಿಡುವವರಿದ್ದಾರೆ. ಜಾಂಬೆಜಿ ಕಣಿವೆಯದು ಹೆಚ್ಚಾಗಿ ಫಾಲ್ಸಿಪ್ಯಾರಮ್ ಅನ್ನುವ ಜಾತಿಯ ಮಲೇರಿಯಾ, ಜೀವಕ್ಕೇ ಕುತ್ತು ತರುವಂಥದ್ದು. ಡಾಕ್ಸಿಸೈಕ್ಲಿನ್ ಮಾತ್ರೆಯಾದರೆ ಕಾಡು ಬಿಟ್ಟ ಮೇಲೂ 4 ವಾರ ನುಂಗಬೇಕು, ಜನ ಮರೆಯುವುದೇ ಆವಾಗ. ಅದಕ್ಕೆ ವಾರಕ್ಕೊಮ್ಮೆ ನಾನೇ ವಾಟ್ಸಾಪ್ ಮಾಡ್ತೀನಿ: ಮಾತ್ರೆ ತಗೊಂಡ್ರಾ? ಜ್ವರ ಬಂದರೆ ಡೆಂಗಿ ಇರಬಹುದು ಅಂತ ಮನೆಯಲ್ಲಿ ಕಾಯಬೇಡಿ, ಆವತ್ತೇ ಡಾಕ್ಟರ್ ಹತ್ತಿರ ಹೋಗಿ. ಜಿಂಬಾಬ್ವೆಯಿಂದ ಬಂದಿದ್ದೀನಿ, ಮಲೇರಿಯಾ ಟೆಸ್ಟ್ ಮಾಡಿ ಅಂತ ಅವರು ಕೇಳುವ ಮುಂಚೆ ನೀವೇ ಹೇಳಿ. ಗ್ರೂಪಿನಲ್ಲಿ ಫೋಟೋ ಹಾಕುವುದೆಲ್ಲ ಆಮೇಲೆ.